ಮೆಸರ್‌ಶ್ಮಿಟ್ ಎಂಇ 262: ಯುದ್ಧಕ್ಕಿಳಿದ ಮೊದಲ ಜೆಟ್ ಫೈಟರ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಕಡೆಯ ವರ್ಷದಲ್ಲಿ ಜರ್ಮನಿಯ ಆಕಾಶದಲ್ಲಿ ಕಾಣಿಸಿಕೊಂಡ ಎಂಇ 262 ವಿಮಾನದ ಸುತ್ತ ಸಂಗತಿಗಳಷ್ಟೇ ದಂತಕತೆಗಳೂ ಬೆಳೆದಿವೆ. ಹಿಟ್ಲರನ ಹಟದಿಂದ ಅದು ತಡವಾಯಿತು, ಒಂದು ವರ್ಷ ಮುಂಚೆ ಬಂದಿದ್ದರೆ ಯುದ್ಧದ ಗತಿಯೇ ಬೇರೆಯಾಗುತ್ತಿತ್ತು ಎಂಬ ಮಾತುಗಳನ್ನು ವಿಮಾನಗಳಲ್ಲಿ ಆಸಕ್ತಿಯಿರುವವರೆಲ್ಲ ಒಮ್ಮೆಯಾದರೂ ಕೇಳಿರುತ್ತಾರೆ. ಈ ವಿಮಾನದ ಹಣೆಬರಹವನ್ನು ಬರೆದದ್ದು ಯಾವ ಸರ್ವಾಧಿಕಾರಿಯ ಆದೇಶವೂ ಅಲ್ಲ, ಇಂಜಿನ್ನಿನೊಳಗೆ ಕೆಂಪಗೆ ಕಾಯುತ್ತಿದ್ದ ಲೋಹ ಎಂಬುದು ಈ ಲೇಖಕನ ನಿಲುವು. ಕೆಳಗಿನ ಉತ್ತರಗಳಲ್ಲಿ ಆ ನಿಲುವಿಗೆ ಕಾರಣಗಳೂ ಸಿಗುತ್ತವೆ.

ಎಂಇ 262 ಎಂಥ ವಿಮಾನ?

ಜರ್ಮನಿಯ ಆಗ್ಸ್‌ಬರ್ಗ್ ನಗರದ ಮೆಸರ್‌ಶ್ಮಿಟ್ ಕಂಪನಿ ರೂಪಿಸಿದ ಈ ವಿಮಾನದಲ್ಲಿ ಪೈಲಟ್ ಒಬ್ಬನೇ ಕೂರುತ್ತಿದ್ದ. ಎರಡು ರೆಕ್ಕೆಗಳ ಕೆಳಗೆ ಒಂದೊಂದು ಜೆಟ್ ಇಂಜಿನ್ ತೂಗುತ್ತಿತ್ತು. ಉದ್ದ 10.6 ಮೀಟರ್, ರೆಕ್ಕೆಗಳ ಹರವು ಸುಮಾರು 12.5 ಮೀಟರ್. ಆರು ಸಾವಿರ ಮೀಟರ್ ಎತ್ತರದಲ್ಲಿ ಅದು ಗಂಟೆಗೆ ಸುಮಾರು 870 ಕಿ.ಮೀ. ವೇಗದಲ್ಲಿ ಹಾರಬಲ್ಲದಾಗಿತ್ತು. ಅದೇ ಕಾಲದಲ್ಲಿ ಅಮೆರಿಕದ ಬಾಂಬರ್‌ಗಳಿಗೆ ಬೆಂಗಾವಲಾಗಿ ಬರುತ್ತಿದ್ದ ಪಿ-51 ಮಸ್ಟ್ಯಾಂಗ್ ಗಂಟೆಗೆ 700 ಕಿ.ಮೀ. ಆಸುಪಾಸಿನ ವಿಮಾನ. ವಾಯುಯುದ್ಧದಲ್ಲಿ ಮೂವತ್ತು ನಲವತ್ತು ಕಿ.ಮೀ. ವೇಗ ಹೆಚ್ಚಿಸಲು ಕಂಪನಿಗಳು ವರ್ಷಗಟ್ಟಲೆ ಹೆಣಗುತ್ತಿದ್ದ ದಿನಗಳಲ್ಲಿ ಒಮ್ಮೆಲೇ ನೂರೈವತ್ತು ಕಿ.ಮೀ.ಗೂ ಮಿಕ್ಕಿದ ಅಂತರ ಎಂದರೆ ಎದುರಾಳಿ ಪೈಲಟ್‌ಗಳಿಗೆ ಏನನ್ನಿಸಿರಬೇಕು ಎಂಬುದನ್ನು ಊಹಿಸಬಹುದು.

ಜಗತ್ತಿನ ಮೊದಲ ಜೆಟ್ ವಿಮಾನ ಇದೇ ಅಲ್ಲವೇ?

ಅಲ್ಲ. ಆ ಹೆಗ್ಗಳಿಕೆ ಹೈಂಕೆಲ್ ಕಂಪನಿಯ ಎಚ್‌ಇ 178 ವಿಮಾನದ್ದು. ಹಾನ್ಸ್ ಫಾನ್ ಓಹಾಯ್ನ್ ರೂಪಿಸಿದ ಇಂಜಿನ್ ಹೊತ್ತು, ಪೈಲಟ್ ಎರಿಖ್ ವಾರ್ಸಿಟ್ಸ್ ಕೈಯಲ್ಲಿ ಅದು 1939ರ ಆಗಸ್ಟ್ 27ರಂದು, ಅಂದರೆ ಯುದ್ಧ ಆರಂಭವಾಗುವುದಕ್ಕೆ ಕೆಲವೇ ದಿನ ಮೊದಲು ಹಾರಿತು. ಬ್ರಿಟನ್ನಿನಲ್ಲಿ ಫ್ರಾಂಕ್ ವಿಟಲ್ ಅವರ ಇಂಜಿನ್ ಇದ್ದ ಗ್ಲಾಸ್ಟರ್ ಇ.28/39 ವಿಮಾನ 1941ರ ಮೇ 15ರಂದು ಗಗನಕ್ಕೇರಿತು. ಯುದ್ಧಕ್ಕೆಂದೇ ಯೋಜಿಸಿದ ಮೊದಲ ಜೆಟ್ ಮಾದರಿಯೂ ಹೈಂಕೆಲ್‌ನದೇ ಆಗಿತ್ತು. ಅದರ ಎಚ್‌ಇ 280 ವಿಮಾನ 1941ರಲ್ಲೇ ಹಾರಿದರೂ ಸರ್ಕಾರ ಅದನ್ನು 1943ರಲ್ಲಿ ಕೈಬಿಟ್ಟಿತು.

ಎಂಇ 262ಕ್ಕೆ ಸಲ್ಲುವ ಮಾನ್ಯತೆ ಬೇರೆಯದು. ಶತ್ರು ವಿಮಾನಗಳೊಂದಿಗೆ ನೇರ ಕಾದಾಟಕ್ಕೆ ಇಳಿದ ಮೊದಲ ಜೆಟ್ ಫೈಟರ್ ಅದು. ಇಲ್ಲಿಯೂ ಬ್ರಿಟನ್ನಿನ ಗ್ಲಾಸ್ಟರ್ ಮೀಟಿಯರ್ ಕೂದಲೆಳೆಯಷ್ಟೇ ಹಿಂದೆ ಉಳಿಯಿತು. ಜರ್ಮನ್ನರ ಪರೀಕ್ಷಾ ಘಟಕದ ಎಂಇ 262 ಒಂದು ಬ್ರಿಟಿಷ್ ವಿಮಾನವನ್ನು ಅಟ್ಟಿಸಿಕೊಂಡು ಹೋದದ್ದು 1944ರ ಜುಲೈ 26ರಂದು; ಬ್ರಿಟಿಷ್ ವಾಯುಪಡೆಯ 616ನೇ ಸ್ಕ್ವಾಡ್ರನ್ನಿನ ಮೀಟಿಯರ್‌ಗಳು ತಮ್ಮ ಮೊದಲ ಕಾರ್ಯಾಚರಣೆಗೆ ಹೊರಟದ್ದು ಮರುದಿನ.

ಇದರ ವಿನ್ಯಾಸ ಯಾವಾಗ, ಹೇಗೆ ಶುರುವಾಯಿತು?

ಜರ್ಮನಿಯ ವಾಯುಯಾನ ಸಚಿವಾಲಯವು 1938ರ ಕೊನೆಯ ಹೊತ್ತಿಗೆ ಹೊಸ ಬಗೆಯ ಇಂಜಿನ್ನಿಗೆ ಹೊಂದುವ ವಿಮಾನವೊಂದನ್ನು ರೂಪಿಸಲು ಮೆಸರ್‌ಶ್ಮಿಟ್ ಕಂಪನಿಗೆ ಸೂಚಿಸಿತು. ವೋಲ್ಡೆಮಾರ್ ಫೋಯ್ಗ್ಟ್ ನೇತೃತ್ವದ ತಂಡ ಪಿ.1065 ಎಂಬ ಹೆಸರಿನಲ್ಲಿ ನಕ್ಷೆ ಬರೆಯತೊಡಗಿತು. ಆಗ ಇಂಜಿನ್ ಎಂಬುದು ಇನ್ನೂ ಕಾಗದದ ಮೇಲಿನ ಲೆಕ್ಕಾಚಾರವಾಗಿತ್ತು. ಅದರ ಗಾತ್ರ, ತೂಕ, ಬಲ ಯಾವುದೂ ಖಚಿತವಿರಲಿಲ್ಲ.

ಈ ಅನಿಶ್ಚಿತತೆಯ ಗುರುತು ವಿಮಾನದ ರೆಕ್ಕೆಯಲ್ಲೇ ಉಳಿದಿದೆ. ಹಿಂದಕ್ಕೆ ಬಾಗಿದ ಆ ರೆಕ್ಕೆಗಳನ್ನು ನೋಡಿದವರು ಶಬ್ದದ ವೇಗದ ಸಮೀಪ ಎದುರಾಗುವ ತೊಂದರೆಗಳನ್ನು ಮೊದಲೇ ಊಹಿಸಿ ಹಾಗೆ ಮಾಡಿದ್ದಾರೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಇಂಜಿನ್‌ಗಳು ನಿರೀಕ್ಷಿಸಿದ್ದಕ್ಕಿಂತ ಭಾರವಾಗುತ್ತವೆಂದು ತಿಳಿದಾಗ, ವಿಮಾನದ ತೂಕದ ಕೇಂದ್ರವನ್ನು ಸರಿದೂಗಿಸಲು ರೆಕ್ಕೆಯನ್ನು ಸುಮಾರು 18.5 ಡಿಗ್ರಿ ಹಿಂದಕ್ಕೆ ಬಾಗಿಸಲಾಯಿತು. ಅಷ್ಟು ಅಲ್ಪ ಬಾಗಿನಿಂದ ವೇಗಕ್ಕೆ ಹೆಚ್ಚಿನ ಲಾಭವೇನೂ ಆಗಲಿಲ್ಲ.

ಮೊದಲ ಹಾರಾಟ ಯಾವಾಗ ನಡೆಯಿತು?

ಈ ಪ್ರಶ್ನೆಗೆ ಮೂರು ದಿನಾಂಕಗಳ ಉತ್ತರವಿದೆ, ಮೂರೂ ಸರಿಯೇ. ವಿಮಾನದ ಒಡಲು ಸಿದ್ಧವಾದರೂ ಜೆಟ್ ಇಂಜಿನ್ ಬಂದಿರಲಿಲ್ಲ. ಆದ್ದರಿಂದ 1941ರ ಏಪ್ರಿಲ್ 18ರಂದು ಮೂತಿಯಲ್ಲಿ ಸಾಮಾನ್ಯ ಪಿಸ್ಟನ್ ಇಂಜಿನ್ ಕೂರಿಸಿ, ಪ್ರೊಪೆಲರ್ ತಿರುಗಿಸಿಕೊಂಡೇ ಪರೀಕ್ಷಾ ಪೈಲಟ್ ಫ್ರಿಟ್ಜ್ ವೆಂಡೆಲ್ ಅದನ್ನು ಹಾರಿಸಿದರು.

ಮುಂದಿನ ವರ್ಷ ಬಿಎಂಡಬ್ಲ್ಯು ಕಂಪನಿಯ ಎರಡು ಜೆಟ್ ಇಂಜಿನ್‌ಗಳು ಬಂದವು. ಮುನ್ನೆಚ್ಚರಿಕೆಯಾಗಿ ಮೂತಿಯ ಪಿಸ್ಟನ್ ಇಂಜಿನ್ನನ್ನು ತೆಗೆಯದೆ ಬಿಟ್ಟದ್ದು ಒಳ್ಳೆಯದೇ ಆಯಿತು. 1942ರ ಮಾರ್ಚ್ 25ರಂದು ವೆಂಡೆಲ್ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಎರಡೂ ಜೆಟ್ ಇಂಜಿನ್‌ಗಳು ಗಾಳಿಯನ್ನು ಒತ್ತುವ ಕಂಪ್ರೆಸರಿನ ಬ್ಲೇಡ್‌ಗಳು ಮುರಿದು ನಿಂತುಹೋದವು. ಪ್ರೊಪೆಲರ್ ಒಂದರ ಬಲದಿಂದಲೇ ಅವರು ಹೇಗೋ ನೆಲ ಮುಟ್ಟಿದರು.

ಜೆಟ್ ಬಲವೊಂದರಿಂದಲೇ ಹಾರಿದ್ದು 1942ರ ಜುಲೈ 18ರಂದು, ಗ್ಯುನ್ಸ್‌ಬರ್ಗ್ ಸಮೀಪದ ಲೈಪ್‌ಹೈಮ್ ವಿಮಾನ ನಿಲ್ದಾಣದಲ್ಲಿ. ಅಂದು ವಿಮಾನಕ್ಕಿದ್ದದ್ದು ಯುಂಕರ್ಸ್ ಕಂಪನಿಯ ಯುಮೋ 004 ಇಂಜಿನ್‌ಗಳು, ಪೈಲಟ್ ಮತ್ತೆ ವೆಂಡೆಲ್.

ಆ ಹಾರಾಟದಲ್ಲಿ ಬ್ರೇಕ್ ಒತ್ತಿ ವಿಮಾನ ಮೇಲೆಬ್ಬಿಸಿದರು ಎಂಬುದು ನಿಜವೇ?

ನಿಜ. ಆ ಕಾಲದ ಫೈಟರ್‌ಗಳಂತೆ ಇದರ ಮೊದಲ ಮಾದರಿಗಳಿಗೂ ಮುಂದೆ ಎರಡು ಚಕ್ರ, ಬಾಲದಡಿ ಒಂದು ಸಣ್ಣ ಚಕ್ರ ಇದ್ದವು. ನಿಂತಾಗ ಮೂತಿ ಆಕಾಶ ನೋಡುತ್ತಿತ್ತು. ಪ್ರೊಪೆಲರ್ ವಿಮಾನದಲ್ಲಿ ಮುಂದಿನಿಂದ ಬೀಸುವ ಗಾಳಿ ಬಾಲದ ಮೇಲೆ ಹರಿದು ಅದನ್ನು ಬೇಗ ಎತ್ತುತ್ತದೆ. ಇಲ್ಲಿ ಪ್ರೊಪೆಲರೇ ಇರಲಿಲ್ಲ. ಓಡುವಾಗ ಓರೆಯಾಗಿದ್ದ ರೆಕ್ಕೆಯ ಮರೆಯಲ್ಲಿ ಬಾಲ ಸಿಕ್ಕಿಕೊಳ್ಳುತ್ತಿದ್ದುದರಿಂದ ಪೈಲಟ್ ಕೈಯ ನಿಯಂತ್ರಣ ಕೋಲನ್ನು ಎಷ್ಟು ದೂಡಿದರೂ ಬಾಲ ಏಳುತ್ತಿರಲಿಲ್ಲ. ವೇಗ ಗಂಟೆಗೆ 180 ಕಿ.ಮೀ. ಮುಟ್ಟಿದಾಗ ಬ್ರೇಕನ್ನು ಹಗುರವಾಗಿ ಒಮ್ಮೆ ತಟ್ಟಿದರೆ ಮೂತಿ ಮುಂದಕ್ಕೆ ಬಾಗಿ ಬಾಲ ಎದ್ದೀತೆಂಬ ಸಲಹೆಯನ್ನು ವೆಂಡೆಲ್ ರನ್‌ವೇಯಲ್ಲಿ ಪಾಲಿಸಿದರು. ಬಾಲ ಎದ್ದಿತು, ವಿಮಾನವೂ ಎದ್ದಿತು.

ಹಾರುವ ಹೊತ್ತಿನಲ್ಲಿ ಬ್ರೇಕ್ ಒತ್ತುವುದು ಎಲ್ಲ ಪೈಲಟ್‌ಗಳಿಗೂ ಒಗ್ಗುವ ಕೌಶಲವಲ್ಲ. ಮುಂದಿನ ತಿಂಗಳೇ ಇದೇ ವಿಮಾನವನ್ನು ಹಾರಿಸಲು ಬಂದ ಸಚಿವಾಲಯದ ಪೈಲಟ್ ನೆಲ ಬಿಡಲಾಗದೆ ಅಪಘಾತಕ್ಕೀಡಾದರು. ನಂತರದ ಮಾದರಿಗಳಲ್ಲಿ ಬಾಲದ ಚಕ್ರವನ್ನು ತೆಗೆದು ಮೂತಿಯ ಕೆಳಗೆ ಚಕ್ರ ಕೊಡಲಾಯಿತು.

ಯುಮೋ 004 ಇಂಜಿನ್ನಿನ ಬಗ್ಗೆ ಇಷ್ಟೊಂದು ಚರ್ಚೆ ಏಕೆ?

ಏಕೆಂದರೆ ವಿಮಾನದ ಬಲವೂ ಅದೇ, ದೌರ್ಬಲ್ಯವೂ ಅದೇ. ಯುಂಕರ್ಸ್ ಕಂಪನಿಯಲ್ಲಿ ಆನ್ಸೆಲ್ಮ್ ಫ್ರಾಂಜ್ ರೂಪಿಸಿದ ಈ ಇಂಜಿನ್ನಿನಲ್ಲಿ ಒಳಬಂದ ಗಾಳಿ ಒಂದರ ಹಿಂದೊಂದರಂತೆ ಜೋಡಿಸಿದ ಎಂಟು ಹಂತಗಳ ಕಂಪ್ರೆಸರ್ ಮೂಲಕ ನೇರವಾಗಿ ಹಿಂದಕ್ಕೆ ಸಾಗುತ್ತಾ ಒತ್ತಲ್ಪಡುತ್ತದೆ. ಆರು ದಹನ ಕೋಣೆಗಳಲ್ಲಿ ಇಂಧನದೊಡನೆ ಉರಿಯುತ್ತದೆ. ಆ ಬಿಸಿ ಅನಿಲ ಕಂಪ್ರೆಸರನ್ನು ನಡೆಸುವ ಒಂದೇ ಹಂತದ ಚಕ್ರವಾದ ಟರ್ಬೈನನ್ನು ತಿರುಗಿಸಿ ಹಿಂದಿನಿಂದ ಹೊರಚಿಮ್ಮುತ್ತದೆ. ಬ್ರಿಟಿಷರು ಗಾಳಿಯನ್ನು ಅಂಚಿನತ್ತ ಎಸೆಯುವ ದಪ್ಪ ಚಕ್ರದ ಕಂಪ್ರೆಸರ್ ಆರಿಸಿಕೊಂಡಿದ್ದರು. ಅದು ಗಟ್ಟಿಮುಟ್ಟು, ಆದರೆ ಇಂಜಿನ್ನಿನ ಅಡ್ಡಳತೆ ಹಿಗ್ಗುತ್ತದೆ. ಫ್ರಾಂಜ್ ಆರಿಸಿಕೊಂಡ ದಾರಿ ಕಷ್ಟದ್ದು. ಇಂದಿನ ದೊಡ್ಡ ಜೆಟ್ ಇಂಜಿನ್‌ಗಳೆಲ್ಲ ಸಾಗಿರುವುದು ಅದೇ ದಾರಿಯಲ್ಲಿ.

ತೊಂದರೆ ಇದ್ದದ್ದು ಲೋಹದಲ್ಲಿ. ಕೆಂಪಗೆ ಕಾದು ನಿಮಿಷಕ್ಕೆ 8,700 ಸುತ್ತು ತಿರುಗುವ ಟರ್ಬೈನ್ ಬ್ಲೇಡ್ ಹಿಗ್ಗದೆ ಮುರಿಯದೆ ಇರಬೇಕಾದರೆ ಉಕ್ಕಿಗೆ ನಿಕಲ್, ಕೋಬಾಲ್ಟ್, ಮಾಲಿಬ್ಡಿನಂನಂಥ ಲೋಹಗಳು ಧಾರಾಳವಾಗಿ ಬೇಕು. ದಿಗ್ಬಂಧನಕ್ಕೆ ಸಿಕ್ಕಿದ್ದ ಜರ್ಮನಿಯಲ್ಲಿ ಇವು ಚಿನ್ನದಷ್ಟು ದುರ್ಲಭವಾಗಿದ್ದವು. ಮೊದಲ ಹಾರಾಟದಲ್ಲಿ ಬಳಸಿದ 004ಎ ಇಂಜಿನ್ ಚೆನ್ನಾಗಿಯೇ ಕೆಲಸ ಮಾಡಿತ್ತು, ಆದರೆ ಅದರಲ್ಲಿ ಈ ಲೋಹಗಳನ್ನು ಉದಾರವಾಗಿ ಬಳಸಲಾಗಿತ್ತು. ಸಾವಿರಗಟ್ಟಲೆ ತಯಾರಿಸುವ ಮಾತೇ ಇರಲಿಲ್ಲ. ಹಾಗಾಗಿ 004ಬಿ ಎಂಬ ಮಾದರಿಯನ್ನು ರೂಪಿಸಿ ದುರ್ಲಭ ಲೋಹಗಳ ಬಳಕೆಯನ್ನು ಅರ್ಧಕ್ಕಿಂತಲೂ ಕಡಿಮೆ ಮಾಡಲಾಯಿತು. ದಹನ ಕೋಣೆಗಳನ್ನು ಸಾಧಾರಣ ಉಕ್ಕಿನ ತಗಡಿನಿಂದ ಮಾಡಿ, ತುಕ್ಕು ಹಿಡಿಯದಂತೆ ಅಲ್ಯೂಮಿನಿಯಂ ಲೇಪಿಸಿದರು. ಟರ್ಬೈನ್ ಬ್ಲೇಡ್‌ಗಳನ್ನು ಟೊಳ್ಳಾಗಿಸಿ ಒಳಗೆ ತಂಪು ಗಾಳಿ ಹರಿಸಿದರು. ಕೊರತೆಯೇ ಕಲಿಸಿದ ಈ ಗಾಳಿ ತಂಪಿನ ಉಪಾಯ ಮುಂದೆ ಎಲ್ಲ ದೇಶಗಳ ಇಂಜಿನ್‌ಗಳಲ್ಲೂ ಬಳಕೆಗೆ ಬಂದದ್ದು ಇತಿಹಾಸದ ಸೋಜಿಗಗಳಲ್ಲಿ ಒಂದು.

ಇಷ್ಟಾದರೂ ಇಂಜಿನ್ ಬಾಳುತ್ತಿದ್ದದ್ದು ಹತ್ತರಿಂದ ಇಪ್ಪತ್ತೈದು ಗಂಟೆ ಮಾತ್ರ. ಅಷ್ಟು ಹೊತ್ತು ಹಾರಿದ ಮೇಲೆ ಬಿಚ್ಚಿ ಬದಲಾಯಿಸಬೇಕಾಗಿತ್ತು. ಅನುಭವವಿಲ್ಲದ ಪೈಲಟ್ ಕೈಗೆ ಸಿಕ್ಕರೆ ಅಷ್ಟೂ ಬಾಳುತ್ತಿರಲಿಲ್ಲ.

ಇಂಜಿನ್ ಚಾಲೂ ಮಾಡುತ್ತಿದ್ದದ್ದು ಹೇಗೆ?

ಗಾಳಿ ಒಳನುಗ್ಗುವ ಬಾಯಿಯ ನಡುವೆ ಕಾಣುವ ಮೊನಚು ಮೂತಿಯೊಳಗೆ ರೀಡೆಲ್ ಎಂಬ ಎರಡು ಸಿಲಿಂಡರ್‌ಗಳ ಪುಟ್ಟ ಟೂ-ಸ್ಟ್ರೋಕ್ ಪೆಟ್ರೋಲ್ ಇಂಜಿನ್ ಅಡಗಿರುತ್ತಿತ್ತು. ಅದನ್ನು ವಿದ್ಯುತ್ತಿನಿಂದ ಚಾಲೂ ಮಾಡಬಹುದಾಗಿತ್ತು. ಅದಾಗದಿದ್ದರೆ ಮೂತಿಯ ತುದಿಯ ಉಂಗುರ ಹಿಡಿದು, ಹೊಲದ ಹಳೆಯ ಸೀಮೆಎಣ್ಣೆ ಪಂಪ್‌ಸೆಟ್ಟಿನ ಹಗ್ಗ ಎಳೆದಂತೆ ಮೆಕ್ಯಾನಿಕ್ ಜೋರಾಗಿ ಎಳೆಯುತ್ತಿದ್ದ. ಪುಟ್ಟ ಇಂಜಿನ್ ದೊಡ್ಡ ಕಂಪ್ರೆಸರನ್ನು ತಿರುಗಿಸಿ ವೇಗ ಏರಿಸಿದ ಮೇಲೆ ಮೊದಲು ಪೆಟ್ರೋಲ್ ಚಿಮುಕಿಸಿ ಕಿಡಿ ಹೊತ್ತಿಸುತ್ತಿದ್ದರು. ಉರಿ ನಿಂತ ಮೇಲೆ ಡೀಸೆಲ್ ಬಗೆಯ ಜೆ2 ಇಂಧನಕ್ಕೆ ಬದಲಾಯಿಸುತ್ತಿದ್ದರು.

ಪೈಲಟ್‌ಗಳಿಗೆ ಪಾಠದಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಇಂಜಿನ್ನಿನ ಬಲ ಏರಿಸಿ ಇಳಿಸುವ ಹಿಡಿಕೆಯಾದ ಥ್ರಾಟಲ್ ಕುರಿತದ್ದು. ಪಿಸ್ಟನ್ ವಿಮಾನದ ರೂಢಿಯಲ್ಲಿ ಅದನ್ನು ರಪ್ಪನೆ ಮುಂದೆ ತಳ್ಳಿದರೆ ಇಂಧನ ಹೆಚ್ಚಾಗಿ ಟರ್ಬೈನ್ ಸುಟ್ಟುಹೋಗುತ್ತಿತ್ತು, ಇಲ್ಲವೇ ಉರಿಯೇ ಆರಿಹೋಗುತ್ತಿತ್ತು. ಎತ್ತರದಲ್ಲಿ ಆರಿದ ಇಂಜಿನ್ನನ್ನು ಮತ್ತೆ ಹೊತ್ತಿಸುವುದು ಸುಲಭದ ಮಾತಾಗಿರಲಿಲ್ಲ. ನೂರಾರು ಗಂಟೆ ಹಾರಿದ ಪರಿಣತರಿಗೇ ಈ ನಿಧಾನ ಒಗ್ಗಲು ಸಮಯ ಹಿಡಿಯಿತು.

ಹಿಟ್ಲರ್ ಇದನ್ನು ಬಾಂಬರ್ ಮಾಡಲು ಹೊರಟದ್ದರಿಂದಲೇ ತಡವಾಯಿತೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ ಇರಬೇಕು. ಘಟನೆಗಳು ಹೀಗಿವೆ. 1943ರ ಮೇ ತಿಂಗಳಲ್ಲಿ ಫೈಟರ್ ಪಡೆಯ ಮುಖ್ಯಸ್ಥ ಆಡೊಲ್ಫ್ ಗಾಲಂಡ್ ವಿಮಾನವನ್ನು ಸ್ವತಃ ಹಾರಿಸಿ ನೋಡಿ ಮಾರುಹೋದರು. ಅವರ ಶಿಫಾರಸಿನಿಂದ ತಯಾರಿಕೆಯ ಆದೇಶಕ್ಕೆ ಬಲ ಬಂತು. ಅದೇ ವರ್ಷದ ನವೆಂಬರ್ 26ರಂದು ಪೂರ್ವ ಪ್ರಶ್ಯದ ಇನ್‌ಸ್ಟರ್‌ಬರ್ಗ್‌ನಲ್ಲಿ ಹಿಟ್ಲರನೆದುರು ಪ್ರದರ್ಶನ ನಡೆಯಿತು. ಇದು ಬಾಂಬ್ ಹೊರಬಲ್ಲುದೇ ಎಂದು ಆತ ಕೇಳಿದಾಗ ವಿಲ್ಲಿ ಮೆಸರ್‌ಶ್ಮಿಟ್ ಹೌದೆಂದರು. ಮಿತ್ರಪಡೆಗಳು ಫ್ರಾನ್ಸಿನ ಕರಾವಳಿಯಲ್ಲಿ ಇಳಿದಾಗ ಅವುಗಳ ಮೇಲೆ ಎರಗುವ ಶರವೇಗದ ಬಾಂಬರ್ ಸಿಕ್ಕಿತೆಂದು ಹಿಟ್ಲರ್ ಅಂದೇ ತೀರ್ಮಾನಿಸಿದ. 1944ರ ಮೇ ತಿಂಗಳ ಸಭೆಯೊಂದರಲ್ಲಿ ಎಲ್ಲವೂ ಫೈಟರ್‌ಗಳಾಗಿಯೇ ತಯಾರಾಗುತ್ತಿವೆ ಎಂದು ತಿಳಿದು ಕೆಂಡಾಮಂಡಲವಾಗಿ ಬಾಂಬರ್ ರೂಪಕ್ಕೇ ಆದ್ಯತೆ ಕೊಡಬೇಕೆಂದು ಆದೇಶಿಸಿದ.

ಆ ಆದೇಶ ಅವಿವೇಕದ್ದು ಎಂಬುದರಲ್ಲಿ ಸಂಶಯವಿಲ್ಲ. ಅತಿವೇಗದಲ್ಲಿ ಹಾರುವ, ಬಾಂಬ್ ಗುರಿಗೆ ತಕ್ಕ ಸಾಧನವೇ ಇಲ್ಲದ ವಿಮಾನದಿಂದ ಬೀಳಿಸಿದ ಬಾಂಬ್ ಎಲ್ಲಿ ಬೀಳುತ್ತದೆಂದು ಹೇಳುವುದು ಕಷ್ಟ. ಆದರೆ ತಡವಾದದ್ದಕ್ಕೆ ಅದೇ ಕಾರಣ ಎನ್ನುವುದು ಒಪ್ಪುವ ಮಾತಲ್ಲ. ದೊಡ್ಡ ಪ್ರಮಾಣದಲ್ಲಿ ತಯಾರಿಸಬಹುದಾದ ಮಟ್ಟಕ್ಕೆ ಯುಮೋ 004ಬಿ ಇಂಜಿನ್ ಬಂದದ್ದೇ 1944ರ ನಡುಭಾಗದಲ್ಲಿ. ಅದಕ್ಕೆ ಮೊದಲು ತಯಾರಾದ ಒಡಲುಗಳು ಇಂಜಿನ್ನಿಗಾಗಿ ಕಾಯುತ್ತಾ ನಿಂತಿದ್ದವು. ಬಾಂಬ್ ಕೊಂಡಿ ಜೋಡಿಸುವುದು ಕೆಲವು ದಿನಗಳ ಕೆಲಸ. ಲೋಹದ ಕೊರತೆಗೆ ಅಂಥ ಸುಲಭದ ಪರಿಹಾರವಿರಲಿಲ್ಲ. ಯುದ್ಧದ ನಂತರ ತಮ್ಮ ನೆನಪುಗಳನ್ನು ಹೇಳಿಕೊಂಡ ಜರ್ಮನ್ ಸೇನಾಧಿಕಾರಿಗಳಿಗೆ ಸತ್ತ ಸರ್ವಾಧಿಕಾರಿಯ ತಲೆಗೆ ದೋಷ ಕಟ್ಟುವುದು ಅನುಕೂಲವಾಗಿಯೂ ಇತ್ತು.

ಬಾಂಬ್ ದಾಳಿಗಳ ನಡುವೆ ಇಷ್ಟು ವಿಮಾನಗಳನ್ನು ಕಟ್ಟಿದವರು ಯಾರು?

ಈ ವಿಮಾನದ ವೇಗ, ಅಂದಗಳನ್ನು ಹೊಗಳುವ ಬರಹಗಳು ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ದಾಟಿಹೋಗುತ್ತವೆ. 1943ರ ಆಗಸ್ಟ್ 17ರಂದು ಅಮೆರಿಕದ ಬಾಂಬರ್‌ಗಳು ರೇಗನ್ಸ್‌ಬರ್ಗ್‌ನ ಮೆಸರ್‌ಶ್ಮಿಟ್ ಕಾರ್ಖಾನೆಯ ಮೇಲೆ ದಾಳಿ ಮಾಡಿದ ನಂತರ ತಯಾರಿಕೆಯನ್ನು ಕಾಡುಗಳಿಗೆ, ಸುರಂಗಗಳಿಗೆ ಹಂಚಲಾಯಿತು. ಲೈಪ್‌ಹೈಮ್ ಆಸುಪಾಸಿನ ಕಾಡಿನಲ್ಲಿ ಮರಗಳ ಮರೆಯಲ್ಲಿ ಜೋಡಿಸಿದ ವಿಮಾನಗಳು ಪಕ್ಕದ ಹೆದ್ದಾರಿಯನ್ನೇ ರನ್‌ವೇ ಮಾಡಿಕೊಂಡು ಹಾರಿಹೋಗುತ್ತಿದ್ದವು.

ಆಸ್ಟ್ರಿಯದ ಸಾಂಕ್ಟ್ ಗಿಯೊರ್ಗೆನ್ ಊರಿನಲ್ಲಿ ‘ಬೆರ್ಗ್‌ಕ್ರಿಸ್ಟಾಲ್’ ಎಂಬ ಗುಪ್ತನಾಮದ ಬೃಹತ್ ಸುರಂಗ ಕಾರ್ಖಾನೆಯನ್ನು ಕೊರೆದು, ಅದರೊಳಗೆ ಎಂಇ 262ರ ಒಡಲುಗಳನ್ನು ತಯಾರಿಸಿದವರು ಮೌಟ್‌ಹೌಸೆನ್ ಯಾತನಾ ಶಿಬಿರದ ಶಾಖೆಯಾಗಿದ್ದ ಗೂಸೆನ್‌ನ ಕೈದಿಗಳು. ಹಸಿವು, ಹೊಡೆತ, ರೋಗ ಮತ್ತು ಸುರಂಗದ ದೂಳಿನಿಂದ ಅಲ್ಲಿ ಸಾವಿರಾರು ಜನ ಸತ್ತರು. ಜರ್ಮನಿಯ ತ್ಯುರಿಂಗಿಯ ಪ್ರಾಂತ್ಯದ ಕಾಲಾ ಪಟ್ಟಣದ ಬಳಿ ವಾಲ್ಪರ್ಸ್‌ಬರ್ಗ್ ಬೆಟ್ಟವನ್ನು ಕೊರೆದು ಇನ್ನೊಂದು ಕಾರ್ಖಾನೆ ಮಾಡಿದರು; ಬೆಟ್ಟದ ನೆತ್ತಿಯನ್ನು ಸಪಾಟು ಮಾಡಿ ರನ್‌ವೇ ಕಟ್ಟಿ, ಕೆಳಗೆ ಜೋಡಿಸಿದ ವಿಮಾನಗಳನ್ನು ಇಳಿಜಾರಿನ ಹಳಿಯ ಮೇಲೆ ಎಳೆದು ನೆತ್ತಿಗೆ ಸಾಗಿಸುತ್ತಿದ್ದರು. ಹಲವು ದೇಶಗಳಿಂದ ಹಿಡಿದು ತಂದ ಸಾವಿರಾರು ಗುಲಾಮ ಕಾರ್ಮಿಕರು ಅಲ್ಲಿ ದುಡಿದರೂ ಯುದ್ಧ ಮುಗಿಯುವ ಮುನ್ನ ಹೊರಬಂದ ವಿಮಾನಗಳು ಕೆಲವು ಡಜನ್ ಮೀರಲಿಲ್ಲ.

ಯುದ್ಧದಲ್ಲಿ ಇದರ ಮೊದಲ ದಿನಗಳು ಹೇಗಿದ್ದವು?

ಬವೇರಿಯದ ಲೆಹ್‌ಫೆಲ್ಡ್ ನಿಲ್ದಾಣದಲ್ಲಿ ನೆಲೆಸಿದ್ದ ಪರೀಕ್ಷಾ ಘಟಕದ ಆಲ್ಫ್ರೆಡ್ ಶ್ರೈಬರ್ 1944ರ ಜುಲೈ 26ರಂದು ಬ್ರಿಟಿಷ್ ವಾಯುಪಡೆಯ ಮೊಸ್ಕಿಟೊ ವಿಮಾನವೊಂದರ ಮೇಲೆ ಎರಗಿದರು. ಫೋಟೊ ತೆಗೆಯಲು ಬರುತ್ತಿದ್ದ ಮೊಸ್ಕಿಟೊಗಳನ್ನು ಅಲ್ಲಿಯವರೆಗೆ ಯಾವ ಜರ್ಮನ್ ವಿಮಾನವೂ ಸುಲಭವಾಗಿ ಅಟ್ಟಿ ಹಿಡಿಯಲಾಗುತ್ತಿರಲಿಲ್ಲ. ಶ್ರೈಬರ್ ಅದನ್ನು ಉರುಳಿಸಿದ್ದಾಗಿ ಹೇಳಿಕೊಂಡರು. ವಾಸ್ತವದಲ್ಲಿ ಮೊಸ್ಕಿಟೊ ಮತ್ತೆ ಮತ್ತೆ ತಿರುವು ಹಾಕಿ ತಪ್ಪಿಸಿಕೊಂಡು, ಪೆಟ್ಟು ತಿಂದೇ ಇಟಲಿಯ ಫೆರ್ಮೊ ತಲುಪಿತು. ವೇಗದಲ್ಲಿ ಜೆಟ್ ಮುಂದು, ತಿರುಗುವುದರಲ್ಲಿ ಹಿಂದು ಎಂಬುದು ಮೊದಲ ದಿನವೇ ಕಂಡುಬಂತು.

ಆ ವರ್ಷದ ಶರತ್ಕಾಲದಲ್ಲಿ 258 ಗೆಲುವುಗಳ ಖ್ಯಾತಿಯ ವಾಲ್ಟರ್ ನೊವೊಟ್ನಿ ನಾಯಕತ್ವದಲ್ಲಿ ಫೈಟರ್ ಘಟಕವೊಂದು ಓಸ್ನಬ್ರ್ಯುಕ್ ಬಳಿಯ ಆಹ್ಮರ್ ಮತ್ತು ಹೇಸೆಪೆ ನಿಲ್ದಾಣಗಳಿಗೆ ಬಂತು. ಅಮೆರಿಕದ ಬಾಂಬರ್‌ಗಳು ಹಾದುಹೋಗುವ ದಾರಿಯಲ್ಲೇ ಇದ್ದ ಈ ನಿಲ್ದಾಣಗಳ ಆಯ್ಕೆ ದುಬಾರಿಯಾಯಿತು. ಇಂಜಿನ್ ವೈಫಲ್ಯ, ಚಕ್ರ ಮುರಿಯುವುದು, ತರಬೇತಿಯ ಕೊರತೆ ಇವೆಲ್ಲ ಸೇರಿ ಘಟಕ ಕಳೆದುಕೊಂಡ ವಿಮಾನಗಳ ಸಂಖ್ಯೆ ಅದು ಉರುಳಿಸಿದ್ದೆಂದು ಹೇಳಿಕೊಂಡ ಸಂಖ್ಯೆಗೆ ಕಡಿಮೆಯೇನೂ ಇರಲಿಲ್ಲ. ನವೆಂಬರ್ 8ರಂದು, ಗಾಲಂಡ್ ತಪಾಸಣೆಗೆಂದು ಆಹ್ಮರ್‌ನಲ್ಲೇ ಇದ್ದ ದಿನ, ನೊವೊಟ್ನಿ ಹಾರಾಟದಿಂದ ಮರಳುವಾಗ ವಿಮಾನ ನೆಲಕ್ಕಪ್ಪಳಿಸಿ ಮೃತಪಟ್ಟರು. ಘಟಕವನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು.

ಬಾಂಬರ್‌ಗಳ ಮೇಲೆ ದಾಳಿ ಮಾಡುತ್ತಿದ್ದದ್ದು ಯಾವ ರೀತಿಯಲ್ಲಿ?

ಮೂತಿಯಲ್ಲಿ 30 ಮಿ.ಮೀ. ವ್ಯಾಸದ ನಾಲ್ಕು ಎಂಕೆ 108 ಫಿರಂಗಿಗಳಿದ್ದವು. ನಾಲ್ಕಾರು ಗುಂಡು ಸರಿಯಾಗಿ ಬಿದ್ದರೆ ನಾಲ್ಕು ಇಂಜಿನ್‌ಗಳ ದೊಡ್ಡ ಬಾಂಬರ್ ಕೂಡ ಉಳಿಯುತ್ತಿರಲಿಲ್ಲ. ಆದರೆ ಆ ಗುಂಡಿನ ವೇಗ ಕಡಿಮೆ, ದೂರ ಹೋದಂತೆ ಬಾಗಿ ಬೀಳುತ್ತಿತ್ತು. ಆದ್ದರಿಂದ ಹತ್ತಿರ ಹೋಗಲೇಬೇಕು. ಗಂಟೆಗೆ 800 ಕಿ.ಮೀ. ವೇಗದಲ್ಲಿ ಹತ್ತಿರ ಹೋದರೆ ಗುರಿ ಹಿಡಿಯಲು ಸಿಗುವುದು ಒಂದೆರಡು ಸೆಕೆಂಡು. ಇದಕ್ಕೆ ಪೈಲಟ್‌ಗಳು ಕಂಡುಕೊಂಡ ಉಪಾಯ ಹೀಗಿತ್ತು: ಬಾಂಬರ್‌ಗಳ ಹಿಂದೆ ಎತ್ತರದಿಂದ ಧುಮುಕಿ, ಬೆಂಗಾವಲು ವಿಮಾನಗಳನ್ನು ವೇಗದಿಂದಲೇ ಸೀಳಿಕೊಂಡು, ಬಾಂಬರ್‌ಗಳಿಗಿಂತ ಕೆಳಗಿಳಿದು, ಮತ್ತೆ ಮೇಲಕ್ಕೆಳೆದು ಹೆಚ್ಚುವರಿ ವೇಗವನ್ನು ಕಳೆದುಕೊಂಡು, ಸಮಮಟ್ಟಕ್ಕೆ ಬಂದ ಕ್ಷಣದಲ್ಲಿ ಗುಂಡು ಹಾರಿಸಿ ಗುಂಪಿನ ಮೇಲಿಂದ ನೇರವಾಗಿ ಹೊರಟುಹೋಗುವುದು.

1945ರ ವಸಂತದಲ್ಲಿ ಪ್ರತಿ ರೆಕ್ಕೆಯಡಿ 12ರಂತೆ 24 ಆರ್4ಎಂ ರಾಕೆಟ್‌ಗಳು ಬಂದ ಮೇಲೆ ಬಾಂಬರ್‌ನ ಬಾಲದ ಗನ್ನರ್‌ಗಳ ಗುಂಡು ತಲುಪುವ ಮೊದಲೇ ಹೊಡೆಯುವುದು ಸಾಧ್ಯವಾಯಿತು. ಮಾರ್ಚ್ 18ರಂದು ಬರ್ಲಿನ್ ಮೇಲೆ ಬಂದ 1,200ಕ್ಕೂ ಹೆಚ್ಚು ಬಾಂಬರ್‌ಗಳ ಮೇಲೆ ಜೆಜಿ 7 ಎಂಬ ಪೂರ್ಣ ಜೆಟ್ ಪಡೆಯ 37 ವಿಮಾನಗಳು ಎರಗಿ ಒಂದು ಡಜನ್ ಬಾಂಬರ್‌ಗಳನ್ನು ಉರುಳಿಸಿದವು, ಕಳೆದುಕೊಂಡದ್ದು ಮೂರು. ಜೆಟ್‌ಗಳ ಅತ್ಯುತ್ತಮ ದಿನಗಳಲ್ಲಿ ಅದೂ ಒಂದು. ಬಂದ ಬಾಂಬರ್‌ಗಳಲ್ಲಿ ನೂರಕ್ಕೆ ಒಂದು ಉರುಳಿತು, ಉಳಿದ ತೊಂಬತ್ತೊಂಬತ್ತು ಬಾಂಬ್ ಹಾಕಿ ಮರಳಿದವು.

ಗಾಲಂಡ್ ಅವರ ಜೆವಿ 44 ಘಟಕದ ಕತೆ ಏನು?

ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಜೊತೆ ಜಗಳವಾಗಿ ಫೈಟರ್ ಪಡೆಯ ಮುಖ್ಯಸ್ಥನ ಹುದ್ದೆ ಕಳೆದುಕೊಂಡ ಗಾಲಂಡ್‌ಗೆ 1945ರ ಆರಂಭದಲ್ಲಿ ಸಣ್ಣ ಜೆಟ್ ಘಟಕವೊಂದನ್ನು ಕಟ್ಟಿಕೊಳ್ಳಲು ಅವಕಾಶ ಸಿಕ್ಕಿತು. ಬರ್ಲಿನ್ ಸಮೀಪ ಹುಟ್ಟಿ ಮ್ಯೂನಿಕ್‌ನ ರೀಮ್ ನಿಲ್ದಾಣಕ್ಕೆ ಬಂದ ಆ ಘಟಕದಲ್ಲಿ ಅತ್ಯಂತ ಅನುಭವಿ ಪೈಲಟ್‌ಗಳು ಸೇರಿದ್ದರು. ಅನುಭವಕ್ಕೆ ತಕ್ಕ ಕಾಲವೊಂದೇ ಅವರ ಕೈಯಲ್ಲಿರಲಿಲ್ಲ. ಏಪ್ರಿಲ್ 18ರಂದು ಯೊಹಾನೆಸ್ ಸ್ಟೈನ್‌ಹಾಫ್ ಅವರ ವಿಮಾನ ನೆಲ ಬಿಡುವ ಮುನ್ನವೇ ಉರುಳಿ ರಾಕೆಟ್‌ಗಳ ಸಮೇತ ಹೊತ್ತಿಕೊಂಡಿತು. ಅವರು ಭೀಕರ ಸುಟ್ಟ ಗಾಯಗಳೊಂದಿಗೆ ಬದುಕಿ, ಮುಂದೆ ಪಶ್ಚಿಮ ಜರ್ಮನಿಯ ವಾಯುಪಡೆಯ ಮುಖ್ಯಸ್ಥರಾದರು. ಏಪ್ರಿಲ್ 24ರಂದು ಗ್ಯುಂಟರ್ ಲ್ಯುಟ್ಸೊವ್ ಹಾರಿಹೋದವರು ಮರಳಲಿಲ್ಲ. ಎರಡು ದಿನದ ನಂತರ ಗಾಲಂಡ್ ಕೂಡ ಅಮೆರಿಕದ ಪಿ-47 ಫೈಟರ್ ಒಂದರ ಗುಂಡಿನಿಂದ ಮೊಣಕಾಲಿಗೆ ಗಾಯವಾಗಿ, ರೀಮ್‌ನ ಮೇಲೆ ಶತ್ರು ವಿಮಾನಗಳು ಗುಂಡಿನ ಮಳೆಗರೆಯುತ್ತಿರುವಾಗಲೇ ಇಳಿದರು. ಅದೇ ಅವರ ಕೊನೆಯ ಯುದ್ಧ ಹಾರಾಟ.

ಮಿತ್ರಪಡೆಗಳು ಇದನ್ನು ಎದುರಿಸಿದ್ದು ಹೇಗೆ?

ಆಕಾಶದಲ್ಲಿ ಹಿಡಿಯಲಾಗದ್ದನ್ನು ನೆಲದ ಬಳಿ ಹಿಡಿದರು. ಇಳಿಯಲು ಬರುವ ಎಂಇ 262 ವೇಗ ತಗ್ಗಿಸಲೇಬೇಕು; ಥ್ರಾಟಲ್ ಮುಂದೆ ತಳ್ಳಿದರೆ ತಕ್ಷಣ ಬಲ ಬರುವುದಿಲ್ಲ; ಚಕ್ರ ಇಳಿಸಿದ ಮೇಲೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಈ ಗುಟ್ಟು ತಿಳಿದ ಮೇಲೆ ಮಸ್ಟ್ಯಾಂಗ್ ಮತ್ತು ಟೆಂಪೆಸ್ಟ್ ವಿಮಾನಗಳು ಜೆಟ್ ನಿಲ್ದಾಣಗಳ ಸುತ್ತ ಕಾದು ಕೂರತೊಡಗಿದವು. ಮುಂದೆ ಶಬ್ದದ ವೇಗವನ್ನು ಮೀರಿದ ಮೊದಲ ಪೈಲಟ್ ಎಂದು ಹೆಸರಾದ ಚಕ್ ಯೇಗರ್ 1944ರ ನವೆಂಬರ್ 6ರಂದು ಒಂದು ಎಂಇ 262 ಉರುಳಿಸಿದ್ದೂ ಅದು ನೆಲಕ್ಕಿಳಿಯುತ್ತಿದ್ದಾಗಲೇ. ಇದಕ್ಕೆ ಪ್ರತಿಯಾಗಿ ಜರ್ಮನ್ನರು ಇಳಿದಾಣದ ದಾರಿಯುದ್ದಕ್ಕೂ ವಿಮಾನ ನಿರೋಧಕ ಫಿರಂಗಿಗಳ ಸಾಲು ನಿಲ್ಲಿಸಿ, ಜೆಟ್‌ಗಳ ಕಾವಲಿಗೆ ಪಿಸ್ಟನ್ ವಿಮಾನಗಳನ್ನು ಇಡಬೇಕಾಯಿತು.

ಹಾಗೆಂದು ಆಕಾಶದಲ್ಲಿ ಅದು ಅಜೇಯವೂ ಆಗಿರಲಿಲ್ಲ. 1945ರ ಮಾರ್ಚ್ 24ರಂದು ಬರ್ಲಿನ್‌ವರೆಗೆ ಬಾಂಬರ್‌ಗಳಿಗೆ ಬೆಂಗಾವಲಾಗಿ ಹೋದ, ಟಸ್ಕೀಗಿಯಲ್ಲಿ ತರಬೇತಾದ ಅಮೆರಿಕದ ಕಪ್ಪು ಜನಾಂಗದ ಪೈಲಟ್‌ಗಳು ಮೂರು ಎಂಇ 262ಗಳನ್ನು ಉರುಳಿಸಿದರು. ಅವರಲ್ಲಿ ರಾಸ್ಕೋ ಬ್ರೌನ್ ಒಬ್ಬರು.

ಒಟ್ಟು ಎಷ್ಟು ವಿಮಾನಗಳು ತಯಾರಾದವು? ಎಷ್ಟು ಹಾರಿದವು?

ತಯಾರಾದದ್ದು 1,400ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ರೈಲಿನಲ್ಲಿ, ಕಾರ್ಖಾನೆಯ ಅಂಗಳದಲ್ಲಿ, ನಿಲ್ದಾಣದ ಅಂಚಿನಲ್ಲಿ ಬಾಂಬಿಗೆ ಸಿಕ್ಕಿ ನಾಶವಾದವು, ಇಲ್ಲವೇ ಇಂಜಿನ್, ಇಂಧನ, ಪೈಲಟ್ ಇವುಗಳಲ್ಲಿ ಒಂದಿಲ್ಲದೆ ನಿಂತಲ್ಲೇ ನಿಂತವು. ಯಾವುದೇ ಒಂದು ದಿನ ಹಾರಲು ಸಿದ್ಧವಿದ್ದವುಗಳ ಸಂಖ್ಯೆ ಒಟ್ಟು ತಯಾರಿಯ ಸಣ್ಣದೊಂದು ಪಾಲು ಮಾತ್ರ. ಉರುಳಿಸಿದ ಶತ್ರು ವಿಮಾನಗಳ ಬಗ್ಗೆ ಐದುನೂರಕ್ಕೂ ಮೀರಿದ ಸಂಖ್ಯೆಯನ್ನು ಉಲ್ಲೇಖಿಸುವುದು ರೂಢಿ. ಅದು ಪೈಲಟ್‌ಗಳು ಹೇಳಿಕೊಂಡ ಲೆಕ್ಕ ಎಂಬುದನ್ನು ಮರೆಯಬಾರದು.

ಇನ್ನೂ ಮೊದಲೇ ಬಂದಿದ್ದರೆ ಯುದ್ಧದ ಫಲಿತಾಂಶ ಬದಲಾಗುತ್ತಿತ್ತೇ?

ಇಲ್ಲ ಎಂದೇ ಹೇಳಬೇಕು. ಮೊದಲೇ ಬರಬೇಕಾದರೆ ಮೊದಲೇ ಇಂಜಿನ್ ಬೇಕಿತ್ತು, ಅದಕ್ಕೆ ಜರ್ಮನಿಯಲ್ಲಿ ಇಲ್ಲದ ಲೋಹ ಬೇಕಿತ್ತು. ಅದೆಲ್ಲ ಒದಗಿ ಬಂದಿದ್ದರೆ ಅಮೆರಿಕದ ಹಗಲು ದಾಳಿಗಳು ಕೆಲವು ತಿಂಗಳು ತಡೆಹಿಡಿದು ನಿಲ್ಲುತ್ತಿದ್ದವೇನೋ. ಆದರೆ ಪೂರ್ವದಿಂದ ನುಗ್ಗಿ ಬರುತ್ತಿದ್ದ ಸೋವಿಯತ್ ಸೇನೆಯನ್ನು ಫೈಟರ್ ವಿಮಾನಗಳು ತಡೆಯುವುದು ಸಾಧ್ಯವಿರಲಿಲ್ಲ, ಮತ್ತು ಮಿತ್ರಪಡೆಗಳ ಬಳಿಯೂ ಜೆಟ್ ವಿಮಾನಗಳು ಸಿದ್ಧವಾಗುತ್ತಿದ್ದವು.

ಮೀಟಿಯರ್ ಮತ್ತು ಎಂಇ 262 ಎಂದಾದರೂ ಎದುರಾದವೇ?

ಇಲ್ಲ. ಮೀಟಿಯರ್‌ಗಳು ಮೊದಲು ಇಂಗ್ಲೆಂಡಿನತ್ತ ಬರುತ್ತಿದ್ದ ವಿ-1 ಹಾರುವ ಬಾಂಬ್‌ಗಳನ್ನು ಬೇಟೆಯಾಡಿದವು. 1945ರಲ್ಲಿ ಯುರೋಪಿನ ಮುಖ್ಯಭೂಮಿಗೆ ಬಂದರೂ ಜೆಟ್‌ಗೆ ಜೆಟ್ ಮುಖಾಮುಖಿಯಾಗುವ ಸಂದರ್ಭ ಬರಲಿಲ್ಲ. ಮೊದಲ ಮೀಟಿಯರ್ ವೇಗದಲ್ಲಿ ಬಹಳ ಹಿಂದಿತ್ತು. ಇಂಜಿನ್ನಿನ ಬಾಳಿಕೆಯಲ್ಲಿ ಬಹಳ ಮುಂದಿತ್ತು.

ಯುದ್ಧ ಮುಗಿದ ಮೇಲೆ ಈ ವಿಮಾನ ಮತ್ತು ಇಂಜಿನ್ ಏನಾದವು?

ಗೆದ್ದವರೆಲ್ಲ ಹಂಚಿಕೊಂಡರು. ಅಮೆರಿಕದ ಕರ್ನಲ್ ಹೆರಾಲ್ಡ್ ವಾಟ್ಸನ್ ತಂಡ ಹಲವು ಎಂಇ 262ಗಳನ್ನು ಒಟ್ಟುಮಾಡಿ ಎಚ್‌ಎಂಎಸ್ ರೀಪರ್ ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಿತು. ಸೋವಿಯತ್ ಒಕ್ಕೂಟ ಯುಮೋ 004 ಇಂಜಿನ್ನಿನ ನಕಲನ್ನು ಆರ್‌ಡಿ-10 ಎಂಬ ಹೆಸರಿನಲ್ಲಿ ತಯಾರಿಸಿ ಯಾಕ್-15 ವಿಮಾನಕ್ಕೆ ಜೋಡಿಸಿತು. ತನ್ನ ನೆಲದಲ್ಲಿ ಉಳಿದ ಬಿಡಿಭಾಗಗಳಿಂದ ಚೆಕೊಸ್ಲೊವಾಕಿಯ ಏವಿಯಾ ಎಸ್-92 ಎಂಬ ಹೆಸರಿನಲ್ಲಿ ಕೆಲವನ್ನು ಕಟ್ಟಿ ಕೆಲಕಾಲ ಹಾರಿಸಿತು. ಅಮೆರಿಕಕ್ಕೆ ಹೋದ ಆನ್ಸೆಲ್ಮ್ ಫ್ರಾಂಜ್ ಲೈಕಮಿಂಗ್ ಸಂಸ್ಥೆಯಲ್ಲಿ ಹೆಲಿಕಾಪ್ಟರ್ ಇಂಜಿನ್‌ಗಳನ್ನು ರೂಪಿಸಿದರು. ವಿಯೆಟ್ನಾಂ ಯುದ್ಧದ ಹ್ಯುಯಿ ಹೆಲಿಕಾಪ್ಟರಿನ ಟಿ53 ಅವರದು. ಅದರ ದೊಡ್ಡ ತಮ್ಮನಾದ ಟಿ55 ಇಂದು ಭಾರತೀಯ ವಾಯುಪಡೆಯ ಚಿನೂಕ್‌ಗಳನ್ನು ಎತ್ತುತ್ತಿದೆ.

ಬೆಂಗಳೂರಿನ ಮಾರುತ್ ವಿಮಾನಕ್ಕೂ ಇದಕ್ಕೂ ಸಂಬಂಧವಿದೆಯೇ?

ನೇರ ಸಂಬಂಧವಿಲ್ಲ. ಎಚ್‌ಎಎಲ್‌ನಲ್ಲಿ ಎಚ್‌ಎಫ್-24 ಮಾರುತ್ ಎಂಬ ಜೆಟ್ ಫೈಟರಿನ ವಿನ್ಯಾಸದ ನೇತೃತ್ವ ವಹಿಸಿದ್ದ ಕುರ್ಟ್ ಟ್ಯಾಂಕ್ ಯುದ್ಧಕಾಲದಲ್ಲಿ ಫೋಕೆ-ವುಲ್ಫ್ ಕಂಪನಿಯವರು, ಅಂದರೆ ಮೆಸರ್‌ಶ್ಮಿಟ್‌ನ ಪ್ರತಿಸ್ಪರ್ಧಿ. ಇಬ್ಬರೂ ಜರ್ಮನ್ನರೆಂಬ ಕಾರಣಕ್ಕೆ ಎರಡನ್ನೂ ಕಲಸುವುದುಂಟು. ಆದರೆ ಬಳಸುದಾರಿಯ ನಂಟೊಂದಿದೆ. ಯುದ್ಧಾನಂತರ ವಿಲ್ಲಿ ಮೆಸರ್‌ಶ್ಮಿಟ್ ಸ್ಪೇನಿನಲ್ಲಿ ಆರಂಭಿಸಿದ ಎಚ್‌ಎ-300 ಎಂಬ ಹಗುರ ಜೆಟ್ ಫೈಟರ್ ಯೋಜನೆ ಈಜಿಪ್ಟಿಗೆ ಕೈಬದಲಾಯಿತು. 1964ರ ಮಾರ್ಚ್ 7ರಂದು ಅದನ್ನು ಮೊದಲ ಬಾರಿ ಹಾರಿಸಿದವರು ಭಾರತೀಯ ವಾಯುಪಡೆಯ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ. ಅದಕ್ಕಾಗಿ ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಇ-300 ಇಂಜಿನ್ನನ್ನು ಆಕಾಶದಲ್ಲಿ ಪರೀಕ್ಷಿಸಲು ಬೆಂಗಳೂರಿನ ಮಾರುತ್ ಒಂದನ್ನು ಅಲ್ಲಿಗೆ ಕಳಿಸಲಾಗಿತ್ತು.

ಇಂದು ಎಂಇ 262 ಎಲ್ಲಿ ನೋಡಸಿಗುತ್ತದೆ? ಹಾರುವಂಥದ್ದು ಇದೆಯೇ?

ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ, ಅಮೆರಿಕದ ಸ್ಮಿತ್‌ಸೋನಿಯನ್, ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂ ಇವುಗಳ ಸಂಗ್ರಹದಲ್ಲಿ ಮೂಲ ವಿಮಾನಗಳಿವೆ. ರಾಡಾರ್ ಹೊತ್ತು ಇಬ್ಬರನ್ನು ಕೂರಿಸಿಕೊಂಡು ರಾತ್ರಿಯಲ್ಲಿ ಬರ್ಲಿನ್ ಮೇಲೆ ಮೊಸ್ಕಿಟೊ ಬೇಟೆಗೆ ಹೊರಡುತ್ತಿದ್ದ ಅಪರೂಪದ ಮಾದರಿಗಳಲ್ಲಿ ಒಂದನ್ನು ನೋಡಬೇಕೆಂದರೆ ದಕ್ಷಿಣ ಆಫ್ರಿಕದ ಜೊಹಾನೆಸ್‌ಬರ್ಗ್‌ನ ಸೇನಾ ಮ್ಯೂಸಿಯಂಗೆ ಹೋಗಬೇಕು.

ಹಾರುವಂಥವು ಅಮೆರಿಕದಲ್ಲಿ ಹೊಸದಾಗಿ ಕಟ್ಟಿದ ಪ್ರತಿರೂಪಗಳು; ಮೊದಲನೆಯದು 2002ರ ಡಿಸೆಂಬರಿನಲ್ಲಿ ಹಾರಿತು, ಇನ್ನೊಂದು ಜರ್ಮನಿಯ ಮಾನ್‌ಹಿಂಗ್‌ನಲ್ಲಿದೆ. ಒಡಲು, ರೆಕ್ಕೆ ಎಲ್ಲವೂ ಹಳೆಯ ಅಳತೆಯಲ್ಲೇ ಇದ್ದರೂ ಇಂಜಿನ್ ಮಾತ್ರ ಯುಮೋ ಅಲ್ಲ. ಯುಮೋದ ಮೂರನೇ ಒಂದು ಭಾಗದಷ್ಟೂ ತೂಗದ, ಆದರೆ ಅದಕ್ಕಿಂತ ಹೆಚ್ಚು ಬಲ ಕೊಡುವ ಜನರಲ್ ಎಲೆಕ್ಟ್ರಿಕ್ ಕಂಪನಿಯ ಇಂಜಿನ್‌ಗಳನ್ನು ಹಳೆಯ ಯುಮೋ ಆಕಾರದ ಕವಚದೊಳಗೆ ಅಡಗಿಸಿಡಲಾಗಿದೆ.